ಬಿಡುಗಡೆ ಪತ್ರದ ಜೊತೆ ಕಾರಣವನ್ನೂ ಬರೆದ ಗವರ್ನರ್

ಕೇಳುಗರಿಗೆ ನಮಸ್ಕಾರ.

ಮೇ 1ರ ಕಾರ್ಮಿಕರ ದಿನಕ್ಕೂ ಶಿಕಾಗೋದ ಹೇಮಾರ್ಕೆಟ್ ಚೌಕಕ್ಕೂ ನಂಟಿದೆ ಅನ್ನೋದು ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ಪ್ರಕರಣದಲ್ಲಿ ನ್ಯಾಯದ ಪರ ನಿಂತು ರಾಜಕೀಯ ಬದುಕನ್ನೇ ಕಳೆದುಕೊಂಡ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಅವರ ಹೆಸರು ಕೇಳಿದವರು ಮಾತ್ರ ಕಡಿಮೆ.

ಹುಟ್ಟಿದ್ದು 1847ರಲ್ಲಿ, ಜರ್ಮನಿಯಲ್ಲಿ. ಕೈಗೂಸಾಗಿದ್ದಾಗಲೇ ಅಮೆರಿಕದ ಒಹಾಯೋಗೆ ಬಂದರು. ಹೊಲದ ಕೆಲಸ, 16ನೇ ವಯಸ್ಸಿಗೇ ಸೈನ್ಯ, ಆಮೇಲೆ ಮೇಷ್ಟ್ರ ಕೆಲಸ, ರೈಲ್ವೆ ಕೂಲಿ, ವಕೀಲಿ, ಶಿಕಾಗೋದಲ್ಲಿ ಜಡ್ಜ್ ಹುದ್ದೆ. 1892ರ ಚುನಾವಣೆ ಗೆದ್ದು ಇಲಿನಾಯ್ ರಾಜ್ಯದ ಗವರ್ನರ್ ಆದರು.

ಅದಕ್ಕೆ ಆರು ವರ್ಷ ಮೊದಲು, 1886ರ ಮೇ 4ರ ರಾತ್ರಿ, ಹೇಮಾರ್ಕೆಟ್‌ನ ಕಾರ್ಮಿಕ ಸಭೆಗೆ ನುಗ್ಗಿದ ಪೊಲೀಸರ ಮೇಲೆ ಬಾಂಬ್ ಬಿದ್ದಿತ್ತು. ಎಸೆದವರು ಯಾರು ಅಂತ ಕೊನೆಗೂ ತಿಳಿಯಲಿಲ್ಲ. ಆದರೂ ಸರ್ಕಾರವೇ ಬೇಡ ಅನ್ನುವ ಅರಾಜಕವಾದಿಗಳು ಅಂತ ಎಂಟು ಜನ ಅಪರಾಧಿಗಳಾದರು. ನಾಲ್ವರನ್ನು ಗಲ್ಲಿಗೇರಿಸಿದರು, ಒಬ್ಬ ಜೈಲಿನಲ್ಲೇ ಸತ್ತ, ಉಳಿದ ಮೂವರು ಜೋಲಿಯೆಟ್ ಜೈಲಿನಲ್ಲಿದ್ದರು.

ಅವರನ್ನು ಬಿಡಿ ಅಂತ ಶಿಕಾಗೋದ ದೊಡ್ಡ ಮನುಷ್ಯರೂ ಕೇಳುತ್ತಿದ್ದರು, ಹಾಗಾಗಿ "ಪಾಪ, ಸಾಕಷ್ಟು ಅನುಭವಿಸಿದ್ದಾರೆ" ಅಂತ ಎರಡು ಸಾಲು ಬರೆದು ಬಿಟ್ಟುಬಿಡಬಹುದಿತ್ತು, ಅಲ್ವಾ? ಆಲ್ಟ್‌ಗೆಲ್ಡ್ ಹಾಗೆ ಮಾಡಲಿಲ್ಲ. ಕಡತ ತರಿಸಿ ಓದಿದರು. 1893ರ ಜೂನ್ 26ರಂದು ಮೂವರನ್ನೂ ಬಿಡುಗಡೆ ಮಾಡಿ, ಯಾಕೆ ಅಂತ ವಿವರವಾಗಿ ಬರೆದರು: ಜ್ಯೂರಿಯನ್ನು, ಅಂದರೆ ತೀರ್ಪು ಹೇಳುವ ನಾಗರಿಕರ ತಂಡವನ್ನು, ಶಿಕ್ಷೆಯೇ ಆಗಲಿ ಅಂತ ಬೇಕೆಂದೇ ಆರಿಸಲಾಗಿತ್ತು, ಆರೋಪಿಗಳ ಬಗ್ಗೆ ಮೊದಲೇ ಕೆಟ್ಟ ಅಭಿಪ್ರಾಯ ಇದೆ ಅಂದವರನ್ನೂ ಜಡ್ಜ್ ಒಪ್ಪಿಕೊಂಡಿದ್ದರು, ಬಾಂಬ್ ಎಸೆದವನಿಗೂ ಇವರಿಗೂ ಸಂಬಂಧ ಇದ್ದದ್ದಕ್ಕೆ ಪುರಾವೆಯೇ ಇರಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟುವುದು ಇಲ್ಲೇ. ತಪ್ಪೇ ಸಾಬೀತಾಗದವರಿಗೆ ಕರುಣೆ ತೋರಿಸುವುದು ಅಂದರೆ ತಪ್ಪಿತ್ತು ಅಂತ ಒಪ್ಪಿಕೊಂಡಂತೆಯೇ.

ಆ ಪತ್ರಗಳನ್ನು ಜೈಲಿಗೆ ಒಯ್ದವರು ಡ್ರೈಯರ್ ಎಂಬ ಬ್ಯಾಂಕರ್. ಮೊದಲು ಆರೋಪ ಹೊರಿಸಿದ ಗ್ರ್ಯಾಂಡ್ ಜ್ಯೂರಿಗೆ ಅವರೇ ಮುಖ್ಯಸ್ಥರಾಗಿದ್ದರು. ಪತ್ರ ಕೈಗೆ ಬಂದಾಗ ಅತ್ತೇಬಿಟ್ಟರಂತೆ.

ಪತ್ರಿಕೆಗಳು ಮಾತ್ರ ಗವರ್ನರ್ ಮೇಲೆ ಮುಗಿಬಿದ್ದವು, ಅವರನ್ನೇ ಅರಾಜಕವಾದಿ ಅಂದವು. ಅದೇ ವರ್ಷ ಅವರು ಕಾರ್ಮಿಕರ ಪರ ಹೋರಾಡುತ್ತಿದ್ದ ಫ್ಲಾರೆನ್ಸ್ ಕೆಲ್ಲಿ ಎಂಬ ಮಹಿಳೆಯನ್ನು ಕಾರ್ಖಾನೆಗಳ ಮುಖ್ಯ ಇನ್‌ಸ್ಪೆಕ್ಟರ್ ಮಾಡಿದ್ದು ಯಾರಿಗೂ ಕಾಣಲಿಲ್ಲ. 1894ರಲ್ಲಿ ರೈಲ್ವೆ ಕಾರ್ಮಿಕರು ನಡೆಸಿದ ಪುಲ್‌ಮನ್ ಮುಷ್ಕರದಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ತಮ್ಮದೇ ಪಕ್ಷದವರಾದರೂ, ತಮ್ಮನ್ನು ಕೇಳದೆ ರಾಜ್ಯಕ್ಕೆ ಸೈನ್ಯ ಕಳಿಸಿದ್ದಕ್ಕೆ ಖಾರವಾಗಿಯೇ ಪ್ರತಿಭಟಿಸಿದರು.

1896ರ ಗವರ್ನರ್ ಚುನಾವಣೆಯಲ್ಲಿ ಸೋತರು. ಕೂಡಿಟ್ಟ ಆಸ್ತಿಯೂ ಹೋಯಿತು. ಕೊನೆಗೆ ಕ್ಲಾರೆನ್ಸ್ ಡ್ಯಾರೋ ಅವರ ವಕೀಲಿ ಕಚೇರಿ ಸೇರಿಕೊಂಡರು. 1902ರ ಮಾರ್ಚ್‌ನಲ್ಲಿ, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ದಕ್ಷಿಣ ಆಫ್ರಿಕಾದ ಬೋಯರ್ ಜನರ ಪರ ಭಾಷಣ ಮಾಡಿದ ಮೇಲೆ ಕುಸಿದುಬಿದ್ದು ತೀರಿಕೊಂಡರು. 54 ವರ್ಷ. ಶಿಕಾಗೋದ ಸಾರ್ವಜನಿಕ ಗ್ರಂಥಾಲಯದಲ್ಲಿ ಅವರನ್ನು ಕಡೆಯ ಸಲ ನೋಡಲು ಸಾವಿರಾರು ಜನ ಬಂದಿದ್ದರು.