ಆಯಿಲ್ ಬೀಳ್ತಿರೋದು ಕೆಳಗೆ, ಸೋರ್ತಿರೋದು ಎಲ್ಲಿ? ಗೇರ್‌ಬಾಕ್ಸ್ ಇಳಿಸೋ ಮೊದಲು ಈ ವಿಡಿಯೋ ನೋಡಿ

[ದೃಶ್ಯ: ಅಪಾರ್ಟ್‌ಮೆಂಟ್ ಬೇಸ್‌ಮೆಂಟ್. ಖಾಲಿ ಪಾರ್ಕಿಂಗ್ ಜಾಗ, ನೆಲದ ಮೇಲೆ ಅಂಗೈ ಅಗಲದ ಕಪ್ಪು ಕಲೆ.]

ನಮಸ್ಕಾರ. ಈ ಕಲೆ ನೋಡಿ. ಗಾಡಿ ಆಯಿಲ್ ಬಿಡ್ತಿದೆ ಅಂತ ಓನರ್‌ಗಿಂತ ಮೊದಲು ಸೆಕ್ಯುರಿಟಿಯವರಿಗೆ ಗೊತ್ತಾಗಿರುತ್ತೆ. ಆಮೇಲೆ ಗ್ಯಾರೇಜು. ಲಿಫ್ಟ್ ಮೇಲೆ ಏರಿಸ್ತಾರೆ, ಟಾರ್ಚ್ ಬಿಡ್ತಾರೆ, ಇಂಜಿನ್ನೂ ಗೇರ್‌ಬಾಕ್ಸೂ ಸೇರೋ ಜಾಗದಲ್ಲಿ ಒದ್ದೆ ತೋರಿಸಿ, "ಸಾರ್, ಕ್ರ್ಯಾಂಕ್ ಬ್ಯಾಕ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು" ಅಂತಾರೆ. ಇಂಜಿನ್ನಿನ ತಿರುಗೋ ಮುಖ್ಯ ದಂಡ ಕ್ರ್ಯಾಂಕ್, ಅದರ ಗೇರ್‌ಬಾಕ್ಸ್ ಕಡೆಯ ತುದೀಲಿ ಆಯಿಲ್ ತಡೆಯೋ ರಿಂಗೇ ಈ ಸೀಲ್. ಸೀಲ್ ದುಡ್ಡು ದೊಡ್ಡದಲ್ಲ. ಆ ಸೀಲ್ ಹತ್ರ ಕೈ ಹೋಗೋಕೆ ಬಿಚ್ಚೋ ಕೆಲಸ ಇದೆಯಲ್ಲ, ಬಿಲ್ ಏರೋದೇ ಅಲ್ಲಿ.

ಇವತ್ತು ನಮ್ಮ ಹತ್ರ ಇರೋದು ಮೂರು ಸಿಲಿಂಡರ್‌ನ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ಇದಕ್ಕೂ ಅದೇ ತೀರ್ಪು ಆಗಿತ್ತು. ಬ್ಯಾಕ್ ಸೀಲ್ ಏನೂ ಆಗಿರಲಿಲ್ಲ. ಹಾಗಾದ್ರೆ ಆಯಿಲ್ ಎಲ್ಲಿಂದ ಬರ್ತಿತ್ತು, ಅದನ್ನ ಹೇಗೆ ಹಿಡಿದ್ವಿ, ತೋರಿಸ್ತೀನಿ.

[ದೃಶ್ಯ: ಬಿಳಿ ಟಿಶ್ಯೂ ಪೇಪರ್ ಕಲೆ ಮೇಲೆ ಒತ್ತಿ ಎತ್ತುವುದು.]

ಮೊದಲು, ಬೀಳ್ತಿರೋದು ಇಂಜಿನ್ ಆಯಿಲ್ಲೇನಾ? ಟಿಶ್ಯೂ ಒತ್ತಿ ನೋಡಿ. ಕಂದು ಅಥವಾ ಕಪ್ಪು, ಬೆರಳಿಗೆ ಜಾರು ಜಾರು ಇದ್ರೆ ಇಂಜಿನ್ ಆಯಿಲ್. ಹಸಿರು, ಗುಲಾಬಿ, ನೀರಿನ ಹಾಗೆ ತೆಳು ಇದ್ರೆ ಕೂಲೆಂಟ್. ಕೆಂಪು ಇದ್ರೆ ಪವರ್ ಸ್ಟೀರಿಂಗ್ ಅಥವಾ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಇರಬಹುದು. ದಪ್ಪಗಿದ್ದು ಗಂಧಕದ ಥರ ಘಾಟು ಹೊಡೆದ್ರೆ ಗೇರ್ ಆಯಿಲ್. ಬರೀ ನೀರಾದ್ರೆ ಅದು ಎ.ಸಿ.ಯಿಂದ ಬಿದ್ದ ನೀರು, ಬಿಟ್ಹಾಕಿ. ತೆಳ್ಳಗೆ, ತಿಳಿ ಹಳದಿ, ಚಕ್ರದ ಹತ್ರ ಬಿದ್ದಿದ್ರೆ ಬ್ರೇಕ್ ಆಯಿಲ್ ಆಗಿರಬಹುದು. ಆಗ ವಿಡಿಯೋ ನಿಲ್ಲಿಸಿ, ಗಾಡಿ ಓಡಿಸ್ಬೇಡಿ, ಮೆಕ್ಯಾನಿಕ್‌ನ ಮನೆಗೇ ಕರೆಸಿ.

ಇಂಜಿನ್ ಆಯಿಲ್ ಅಂತ ಖಾತ್ರಿ ಆಯ್ತಾ? ಸಮನಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಬಹಳಷ್ಟು ಕಾರುಗಳಲ್ಲಿ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಇರೋ ಅಂತರ ಒಂದು ಲೀಟರ್ ಆಸುಪಾಸು. ಲೆವೆಲ್ ಕೆಳಗಿನ ಗುರುತು ಮುಟ್ಟಿದ್ರೆ ಮೊದಲು ಟಾಪ್ ಅಪ್ ಮಾಡಿ, ಹುಡುಕೋದು ಆಮೇಲೆ. ಓಡಿಸುವಾಗ ಕೆಂಪು ಆಯಿಲ್ ಲೈಟ್ ಹತ್ತಿದ್ರೆ ಮನೆ ಹತ್ರಾನೇ ಇದೆ ಅಂತೆಲ್ಲ ಲೆಕ್ಕ ಹಾಕ್ಬೇಡಿ, ಸೈಡಿಗೆ ಹಾಕಿ ಆಫ್ ಮಾಡಿ.

[ದೃಶ್ಯ: ಲಿಫ್ಟ್ ಮೇಲೆ ಕಾರು. ಕೆಳಭಾಗ ಪೂರ್ತಿ ಕಪ್ಪು, ಒದ್ದೆ, ಧೂಳು ಮೆತ್ತಿಕೊಂಡಿದೆ.]

ಈಗ ಕೆಳಗೆ ಬನ್ನಿ. ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ತಟ್ಟೆ, ಅಂದ್ರೆ ಆಯಿಲ್ ಚೇಂಬರ್, ಒದ್ದೆ, ಗೇರ್‌ಬಾಕ್ಸ್ ಒದ್ದೆ, ಸೈಲೆನ್ಸರ್ ಪೈಪಿಗೂ ಹತ್ತಿದೆ. ಇದನ್ನ ನೋಡಿ ಯಾರಾದ್ರೂ ಇಂಥದ್ದೇ ಹೋಗಿದೆ ಅಂದ್ರೆ ಅದು ಊಹೆ ಅಷ್ಟೇ.

ಹಳೇ ಹಂಚಿನ ಮನೇಲಿ ನೀರು ತೊಟ್ಟಿಕ್ಕೋ ಜಾಗದ ನೆತ್ತಿ ಮೇಲೇ ಹಂಚು ಒಡೆದಿರಲ್ಲ ಅಲ್ವಾ, ರೀಪಿನ ಗುಂಟ ಎಲ್ಲಿಂದಲೋ ಇಳಿದು ಬಂದಿರುತ್ತೆ. ಇದೂ ಹಾಗೇ. ಮೇಲಿಂದ ಸೋರಿದ ಆಯಿಲ್ ಇಂಜಿನ್ನಿನ ಮುಖ್ಯ ಒಡಲು, ಅಂದ್ರೆ ಬ್ಲಾಕ್ ಮೈಮೇಲೆ ಇಳಿಯುತ್ತೆ, ಯಾವುದೋ ಬೋಲ್ಟಿನ ತುದೀಲಿ ನಿಂತು ಹನಿ ಕಟ್ಟುತ್ತೆ. ಗಾಡಿ ಓಡುವಾಗ ಕೆಳಗಿನ ಗಾಳಿ ಆ ಹನಿಯನ್ನ ಹಿಂದಕ್ಕೆ ಚೆಲ್ಲುತ್ತೆ. ಮೇಲಾಗಿ ಈಗಿನ ಕಾರುಗಳಿಗೆ ಇಂಜಿನ್ ಅಡಿಯಲ್ಲಿ ಪ್ಲಾಸ್ಟಿಕ್ ಕವರ್ ಇರುತ್ತೆ. ಆಯಿಲ್ ಅದರ ಮೇಲೆ ಬಿದ್ದು, ಹರಿದು, ಬೇರೆ ಯಾವುದೋ ತೂತಿಂದ ನೆಲಕ್ಕೆ ಬೀಳುತ್ತೆ. ಹಾಗಾಗಿ ನೆಲದ ಮೇಲಿನ ಕಲೆಯನ್ನ ಸಾಕ್ಷಿ ಅಂತ ನಂಬ್ಬೇಡಿ. ಒದ್ದೆ ಇರೋ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರೋದು, ಎಲ್ಲಕ್ಕಿಂತ ಮುಂದಿರೋದು ಯಾವುದು ಅಂತ ಹುಡುಕಿ.

ಇಷ್ಟು ಜಿಡ್ಡಲ್ಲಿ ಅದು ಕಾಣಲ್ಲ. ಅದಕ್ಕೇ ತೊಳೀಬೇಕು. ಬಹಳ ಜನ ಬಿಟ್ಟುಬಿಡೋ ಕೆಲಸ ಇದೇ, ಯಾಕಂದ್ರೆ ತೊಳೆದಿದ್ದಕ್ಕೆ ಬಿಲ್ ಮಾಡೋಕೆ ಬರಲ್ಲ.

[ದೃಶ್ಯ: ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟುವುದು, ನಂತರ ಡಿಗ್ರೀಸರ್ ಸ್ಪ್ರೇ, ಬ್ರಷ್.]

ಇಂಜಿನ್ ತಣ್ಣಗಿರಬೇಕು. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಏರ್ ಫಿಲ್ಟರ್ ಬಾಯಿ ಮುಚ್ಚಿ. ಡಿಗ್ರೀಸರ್ ಹೊಡೆದು, ಬ್ರಷ್‌ನಲ್ಲಿ ಉಜ್ಜಿ, ಕಮ್ಮಿ ಪ್ರೆಶರ್ ನೀರಲ್ಲಿ ತೊಳೆದು ಗಾಳಿ ಹೊಡೀರಿ. ಬಿಸಿ ಇಂಜಿನ್ ಮೇಲೆ ಸೀಮೆಎಣ್ಣೆ, ಪೆಟ್ರೋಲ್ ಸ್ಪ್ರೇ ಮಾಡೋರನ್ನ ಕಂಡ್ರೆ ಕಾರು ವಾಪಸ್ ತಗೊಂಡು ಬನ್ನಿ. ಎಕ್ಸಾಸ್ಟ್ ಬಿಸಿಗೆ ಬೆಂಕಿ ಹೊತ್ಕೊಳ್ಳೋಕೆ ಹೊತ್ತು ಬೇಕಾಗಲ್ಲ.

ಒಣಗಿದ ಮೇಲೆ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಬಿಸಿ ಆಗೋಕೆ ಬಿಡಿ. ಟಾರ್ಚ್ ಹಿಡಿದು ಮೇಲಿಂದ ಕೆಳಗೆ ನೋಡ್ತಾ ಬನ್ನಿ. ತೋಳು, ಶಾಲು, ಜಡೆ ಬೆಲ್ಟಿಂದ ದೂರ ಇರಲಿ. ಕಾರಿನ ಕೆಳಗೆ ಹೋಗೋದಾದ್ರೆ ಬರೀ ಜಾಕ್ ನಂಬಿ ಹೋಗ್ಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ.

[ದೃಶ್ಯ: ಟ್ಯಾಪೆಟ್ ಕವರ್, ಗೇರ್‌ಬಾಕ್ಸ್ ಕಡೆಯ ಹಿಂಭಾಗದ ಮೂಲೆ. ಫೋನ್ ಕ್ಯಾಮೆರಾ ಒಳಗೆ ತೂರಿಸಿ ತೆಗೆದ ಕ್ಲೋಸ್ ಅಪ್.]

ನಮ್ಮ ಗಾಡೀಲಿ ಮುಂದಿನಿಂದ ನೋಡಿದ್ರೆ ಎಲ್ಲಾ ಒಣ. ಹಿಂದಿನ ಮೂಲೆ ಕಣ್ಣಿಗೆ ಕಾಣಲ್ಲ, ಕೈ ಹೋಗಲ್ಲ. ಫೋನ್‌ನ ವಿಡಿಯೋ ಮೋಡ್‌ಗೆ ಹಾಕಿ, ಫ್ಲ್ಯಾಶ್ ಆನ್ ಮಾಡಿ, ಫೈರ್‌ವಾಲ್, ಅಂದ್ರೆ ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ ಕಡೆಯಿಂದ ಒಳಗೆ ಇಳಿಸಿದ್ವಿ. ನೋಡಿ, ಇಲ್ಲಿ. ಇಂಜಿನ್ನಿನ ನೆತ್ತಿ ಮೇಲಿನ ಮುಚ್ಚಳ ಟ್ಯಾಪೆಟ್ ಕವರ್, ಅದರ ಅಂಚಿನ ರಬ್ಬರ್ ಪ್ಯಾಕಿಂಗ್ ಕೂರೋ ಗೆರೆ. ಮೂಲೇಲಿ ಸಣ್ಣಗೆ ಜಿನುಗ್ತಿದೆ. ಅಲ್ಲಿಂದ ಬ್ಲಾಕ್ ಮೇಲೆ ಕೂತಿರೋ ಹೆಡ್, ಹೆಡ್ಡಿಂದ ಬ್ಲಾಕ್, ಬ್ಲಾಕಿಂದ ನೇರ ಬೆಲ್ ಹೌಸಿಂಗ್ ಮೇಲೆ, ಅಂದ್ರೆ ಕ್ಲಚ್ ಮುಚ್ಚಿಕೊಂಡು ಇಂಜಿನ್ನಿಗೆ ಸೇರೋ ಗೇರ್‌ಬಾಕ್ಸ್ ಕವಚದ ಮೇಲೆ. ಕೆಳಗೆ ನಿಂತು ನೋಡಿದವರಿಗೆ ಕಾಣೋದು ಬೆಲ್ ಹೌಸಿಂಗ್ ಮಾತ್ರ, ಅದಕ್ಕೇ ಬ್ಯಾಕ್ ಸೀಲ್ ಮೇಲೆ ಅಪವಾದ.

ನಿಜವಾಗಿ ಬ್ಯಾಕ್ ಸೀಲ್ ಹೋಗಿದ್ರೆ ಹೇಗಿರುತ್ತೆ? ತೊಳೆದು ಓಡಿಸಿದ ಮೇಲೆ ಹೆಡ್ಡಿನ ಹಿಂಬದಿ, ಬ್ಲಾಕಿನ ಹಿಂಬದಿ ಒಣಗೇ ಇರುತ್ತೆ. ಬೆಲ್ ಹೌಸಿಂಗ್ ಒಳಗಿಂದ, ಕೆಳಗಿನ ಸಂದಿಯಿಂದ ಮಾತ್ರ ಆಯಿಲ್ ಬರುತ್ತೆ. ಕ್ಲಚ್ ಪ್ಲೇಟಿಗೆ ತಗುಲಿದ್ರೆ ಏರಿನಲ್ಲಿ ಕ್ಲಚ್ ಸ್ಲಿಪ್ ಆಗಬಹುದು. ಅಲ್ಲೂ ಒಂದು ಸಲ ಮೂಸಿ ನೋಡಿ: ಗೇರ್ ಆಯಿಲ್ ಘಾಟು ಬಂದ್ರೆ ಅದು ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲ್, ಕ್ರ್ಯಾಂಕ್ ಸೀಲ್ ಅಲ್ಲ. ಹೇಗಿದ್ರೂ ಗೇರ್‌ಬಾಕ್ಸ್ ಇಳೀಲೇಬೇಕು ಅಂತಾದ್ರೆ, ಕ್ಲಚ್ ಸವೆದಿದೆಯಾ ನೋಡಿ ಒಟ್ಟಿಗೇ ಮುಗಿಸಿ. ಒಂದೇ ಲೇಬರ್‌ಗೆ ಎರಡು ಕೆಲಸ.

ಬರಿಗಣ್ಣಿಗೆ ಸಿಗದಷ್ಟು ಸಣ್ಣ ಸೋರಿಕೆ ಆದ್ರೆ ಎರಡು ಉಪಾಯ. ಒಂದು, ತೊಳೆದು ಒಣಗಿಸಿದ ಜಾಗಕ್ಕೆ ಟಾಲ್ಕಂ ಪೌಡರ್ ತೆಳ್ಳಗೆ ಹಚ್ಚಿ ಸ್ವಲ್ಪ ಓಡಿಸಿ ಬನ್ನಿ, ಆಯಿಲ್ ಹರಿದ ದಾರಿ ಗೆರೆ ಬಿಡಿಸಿರುತ್ತೆ. ಬೆಲ್ಟಿಗೆ ಮಾತ್ರ ಪೌಡರ್ ಬೀಳ್ಬಾರ್ದು. ಇನ್ನೊಂದು, ಇಂಜಿನ್ ಆಯಿಲ್‌ಗೆ ಹಾಕೋ ಯುವಿ ಡೈ. ಬಾಟಲ್ ಮೇಲೆ ಹೇಳಿದಷ್ಟು ಹಾಕಿ, ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ರೆ ಸೋರೋ ಜಾಗ ಹಳದಿ-ಹಸಿರಾಗಿ ಹೊಳೆಯುತ್ತೆ. ಕೆಲವು ಹಸಿರು ಕೂಲೆಂಟ್‌ಗಳೂ ಯುವಿಗೆ ಹೀಗೇ ಹೊಳೀತವೆ, ಅದಕ್ಕೆ ಮೋಸ ಹೋಗ್ಬೇಡಿ.

[ದೃಶ್ಯ: ಇಂಜಿನ್ ಸುತ್ತ ಕ್ಯಾಮೆರಾ, ಒಂದೊಂದು ಜಾಗಕ್ಕೆ ಬೆರಳು.]

ಬೇರೆ ಜಾಗಗಳನ್ನ ಬೇಗ ನೋಡಿಬಿಡೋಣ. ಸರ್ವಿಸ್ ಆದ ಕೂಡಲೇ ಸೋರಿಕೆ ಶುರುವಾಗಿದ್ರೆ ಮೊದಲ ಅನುಮಾನ ಆಯಿಲ್ ಫಿಲ್ಟರ್ ಮತ್ತು ಡ್ರೈನ್ ಬೋಲ್ಟ್ ಮೇಲೆ. ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡು, ಅದರ ಮೇಲೇ ಹೊಸ ಫಿಲ್ಟರ್ ಕೂತಿದ್ರೆ ಆಯಿಲ್ ಧಾರೆಯಾಗೇ ಬರಬಹುದು. ಡ್ರೈನ್ ಬೋಲ್ಟಿನ ವಾಷರ್ ಒಂದು ಸಲ ಒತ್ತಿದ್ರೆ ಮುಗೀತು, ಪ್ರತಿ ಸಲ ಹೊಸದು ಹಾಕಿಸಿ. ಆಯಿಲ್ ಪ್ರೆಶರ್ ಸ್ವಿಚ್‌ನ ಸಾಕೆಟ್ ತೆಗೆದು ನೋಡಿ, ಒಳಗೆ ಆಯಿಲ್ ಇದ್ರೆ ಸ್ವಿಚ್ಚೇ ಸೋರ್ತಿದೆ. ಕ್ರ್ಯಾಂಕ್ ಪುಲ್ಲಿ ಹಿಂದಿನ ಸೀಲ್ ಹೋದ್ರೆ ಪುಲ್ಲಿ ತಿರುಗಿ ಸುತ್ತಲೂ ಆಯಿಲ್ ಎರಚಿರುತ್ತೆ. ಟರ್ಬೋ ಇದ್ರೆ ಅದಕ್ಕೆ ಹೋಗೋ ಆಯಿಲ್ ಪೈಪಿನ ಎರಡೂ ತುದಿ ನೋಡಿ.

ಚೇಂಬರ್ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳ್ಬೇಕು. ನಮ್ಮ ಹಂಪ್‌ಗಳಿಗೆ ಚೇಂಬರ್ ತಾಗೋದು ಹೊಸದೇನಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆ ಗಾಡಿಗಳಲ್ಲಿ ಉಪ್ಪುಗಾಳಿಗೆ ತಗಡಿನ ಚೇಂಬರ್ ತುಕ್ಕು ಹಿಡಿದು ಜಿನುಗೋದೂ ಉಂಟು. ಚೇಂಬರ್ ಒಳಕ್ಕೆ ತಗ್ಗಿದ್ರೆ ಸೋರಿಕೆ ಇಲ್ಲದಿದ್ರೂ ಅಸಡ್ಡೆ ಮಾಡ್ಬೇಡಿ. ಆಯಿಲ್ ಎಳೆಯೋ ಸ್ಟ್ರೈನರ್ ಅದರ ತಳಕ್ಕೆ ತೀರಾ ಹತ್ರ ಇರುತ್ತೆ, ತಗ್ಗು ಅದಕ್ಕೆ ಒತ್ತಿದ್ರೆ ಇಂಜಿನ್ನಿಗೆ ಆಯಿಲ್ಲೇ ಸಿಗಲ್ಲ.

[ದೃಶ್ಯ: ಟೇಬಲ್ ಮೇಲೆ ತೆಗೆದ ಹಳೇ ಪ್ಯಾಕಿಂಗ್, ಪಕ್ಕದಲ್ಲಿ ಹೊಸದು. ಹಳೆಯದನ್ನು ಬಗ್ಗಿಸಿದಾಗ ಪಟ್ ಎಂದು ಮುರಿಯುತ್ತದೆ.]

ಇದು ನಮ್ಮ ಗಾಡಿಯಿಂದ ತೆಗೆದ ಪ್ಯಾಕಿಂಗ್. ರಬ್ಬರ್ ಅನ್ನೋ ಗುಣವೇ ಉಳಿದಿಲ್ಲ, ಬಿಸಿ ತಿಂದು ತಿಂದು ಪ್ಲಾಸ್ಟಿಕ್ ಆಗಿದೆ. ಹೊಸದಾದ್ರೆ ದುಂಡಗೆ ಎದ್ದು ನಿಲ್ಲುತ್ತೆ, ಇದು ಚಪ್ಪಟೆ. ಇಂಥದ್ದನ್ನ ಬೋಲ್ಟ್ ಬಿಗಿ ಮಾಡಿ ನಿಲ್ಲಿಸ್ತೀನಿ ಅಂದ್ರೆ ಆಗಲ್ಲ. ಟ್ಯಾಪೆಟ್ ಕವರ್ ಬೋಲ್ಟ್‌ಗಳಿಗೆ ಬೇಕಿರೋ ಟಾರ್ಕ್ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಗಾಡಿಯ ಲೆಕ್ಕ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತೆ. ಉದ್ದನೇ ಹಿಡಿ ಹಾಕಿ ಎಳೆದ್ರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತು ಬರುತ್ತೆ. ಹಳೇ ಪ್ಯಾಕಿಂಗ್ ಮೇಲೇ ಸಿಲಿಕಾನ್ ಪೇಸ್ಟ್ ಬಳಿಯೋದೂ ಬೇಡ. ಒಳಗೆ ಉಬ್ಬಿದ ಪೇಸ್ಟ್ ಕಿತ್ತು ಬಿದ್ರೆ ಅದೇ ಸ್ಟ್ರೈನರ್‌ಗೆ ಹೋಗಿ ಕೂರುತ್ತೆ. ಟೈಮಿಂಗ್ ಚೈನ್ ಕವರ್ ಹೆಡ್ಡಿಗೆ ಸೇರೋ ಜಾಯಿಂಟ್‌ನಲ್ಲಿ ಒಂದು ಬೊಟ್ಟು ಪೇಸ್ಟ್ ಹಚ್ಚಿ ಅಂತ ಕೆಲವು ಕಂಪನಿಗಳೇ ಹೇಳ್ತವೆ. ಅಲ್ಲಿಗೆ ಅಷ್ಟು, ಬೇರೆ ಕಡೆ ಬೇಡ.

ಪ್ಯಾಕಿಂಗ್ ಆರ್ಡರ್ ಮಾಡೋ ಮೊದಲು ಪಿಸಿವಿ ವಾಲ್ವ್ ಕೂಡ ನೋಡಿ. ಇಂಜಿನ್ ಒಳಗೆ ಸೇರೋ ಗ್ಯಾಸ್ ಹೊರಗೆಳೆಯೋದು ಇದರ ಕೆಲಸ. ಕಟ್ಟಿಕೊಂಡ್ರೆ ಒಳಗೆ ಪ್ರೆಶರ್ ಏರಿ, ಬಲ ಕಮ್ಮಿ ಇರೋ ಸೀಲ್ ಹುಡುಕ್ಕೊಂಡು ಆಯಿಲ್ ಹೊರಗೆ ಬರುತ್ತೆ. ಒಂದು ಕಡೆ ಹೊಸ ಪ್ಯಾಕಿಂಗ್ ಹಾಕಿದ್ರೆ ಇನ್ನೊಂದು ಕಡೆ ಶುರು. ಐಡಲ್‌ನಲ್ಲಿ ಆಯಿಲ್ ಹಾಕೋ ಮುಚ್ಚಳ ಹುಷಾರಾಗಿ ಸಡಿಲ ಮಾಡಿ: ಸ್ವಲ್ಪ ಒಳಗೆ ಎಳೆದ ಹಾಗಿದ್ರೆ ಸರಿ, ಬುಸುಬುಸು ಅಂತ ಹೊರಗೆ ಉಗುಳಿದ್ರೆ ಪಿಸಿವಿ ವಾಲ್ವ್, ಬ್ರೀದರ್ ಪೈಪ್ ಚೆಕ್ ಮಾಡಿಸಿ. ಅದೆಲ್ಲಾ ಸರಿ ಇದ್ದೂ ಹಾಗೇ ಉಗುಳಿದ್ರೆ ಪಿಸ್ಟನ್ ರಿಂಗ್ ಸವೆದಿರಬಹುದು, ಅದು ಬೇರೆಯದೇ ಕಥೆ.

[ದೃಶ್ಯ: ಹೊಸ ಪ್ಯಾಕಿಂಗ್ ಕೂರಿಸಿ ಕವರ್ ಮುಚ್ಚುವುದು. ಕಾರಿನ ಅಡಿಗೆ ರಟ್ಟು.]

ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಒಂದೆರಡು ದಿನ ಹನಿ ಬಿದ್ರೆ ಗಾಬರಿ ಬೇಡ. ಸಂದುಗಳಲ್ಲಿ, ಅಡಿಯ ಪ್ಲಾಸ್ಟಿಕ್ ಕವರ್‌ನಲ್ಲಿ ಉಳಿದ ಹಳೇ ಆಯಿಲ್ ಇಳೀತಿರುತ್ತೆ. ಆ ಕವರ್ ಬಿಚ್ಚಿಸಿ ತೊಳೆಸಿ. ರಾತ್ರಿ ಕಾರಿನ ಅಡಿಗೆ ಒಂದು ರಟ್ಟು ಹಾಸಿ, ಚಕ್ರ ನಿಲ್ಲೋ ಜಾಗ ಪೆನ್ನಲ್ಲಿ ಗುರುತು ಮಾಡಿ, ಬೆಳಿಗ್ಗೆ ಫೋಟೋ ತೆಗೆದಿಡಿ. ವಾರ ಕಳೆದ್ರೂ ಹನಿ ಕಮ್ಮಿ ಆಗದಿದ್ರೆ ಆ ಫೋಟೋಗಳ ಜೊತೆ ಗ್ಯಾರೇಜಿಗೆ ಹೋಗಿ, "ಅಣ್ಣ, ಮೊದಲು ತೊಳೆದು, ಮೇಲಿಂದ ನೋಡಿ" ಅನ್ನಿ.