ಮೊಸರನ್ನ ಕಲ್ಲಾಯಿತು: ವಿನ್ನಿಪೆಗ್‌ನಿಂದ ಸಸ್ಕಟೂನ್‌ಗೆ ರೈಲಿನಲ್ಲಿ

ನಮಸ್ಕಾರ, ಎಲ್ಲರದ್ದೂ ಊಟ ಆಯಿತಾ? ನನ್ನದಿನ್ನೂ ಆಗಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಈ ಶಾಟ್ ಅಲುಗಾಡುತ್ತಿದೆ, ಗೊತ್ತು. ಮೈನಸ್ 31. ಕೈ ನಡುಕ ಅದು, ಕ್ಯಾಮೆರಾದ ತಪ್ಪಲ್ಲ. ನೀವು ನೋಡುತ್ತಿರುವುದು ಕೆನಡಾದ ವಿನ್ನಿಪೆಗ್ ಊರಲ್ಲಿ ಪೋರ್ಟೇಜ್ ಮತ್ತು ಮೇನ್ ರಸ್ತೆಗಳು ಸೇರುವ ಮೂಲೆ. ವಿನ್ನಿಪೆಗ್‌ನವರಿಗೆ ಇದರ ಬಗ್ಗೆ ಒಂಥರಾ ಹೆಮ್ಮೆ, ಇಲ್ಲಿನಷ್ಟು ಕೆಟ್ಟ ಗಾಳಿ ಎಲ್ಲೂ ಇಲ್ಲ ಅಂತ. 1979ರಿಂದ 2025ರ ತನಕ ಇಲ್ಲಿ ನಡೆದು ರಸ್ತೆ ದಾಟುವ ಹಾಗೇ ಇರಲಿಲ್ಲ. ನೆಲದಡಿ ಇಳಿದು, ಸುತ್ತಿ, ಆಚೆ ಬದಿಗೆ ಹತ್ತಬೇಕಿತ್ತು. 46 ವರ್ಷ ಆದ ಮೇಲೆ ಬಿಟ್ಟಿದ್ದಾರೆ. ಬಿಟ್ಟಾಗ ನಾನೂ ಖುಷಿಪಟ್ಟೆ. ಇವತ್ತು ದಾಟಿದ ಮೇಲೆ ಅನಿಸುತ್ತಿದೆ, ನೆಲದಡಿಯೇ ಚೆನ್ನಾಗಿತ್ತು. ಅಲ್ಲಿ ಬೆಚ್ಚಗಾದರೂ ಇತ್ತು.

ಇದು ಗೆಳೆಯನ ಕಾರು. ಮುಂದೆ ವೈರ್ ನೇತಾಡುತ್ತಿದೆ ಅಲ್ವಾ, ಹಾಗಂತ ಎಲೆಕ್ಟ್ರಿಕ್ ಕಾರಲ್ಲ. ಪೆಟ್ರೋಲ್ ಕಾರೇ. ಇಲ್ಲಿ ಚಳಿಗಾಲದಲ್ಲಿ ಕಾರನ್ನು ಕರೆಂಟ್ ಪ್ಲಗ್ಗಿಗೆ ಹಾಕಿ ಇಡಬೇಕು, ಇಲ್ಲದಿದ್ದರೆ ಎಂಜಿನ್ ಆಯಿಲ್ ಗಟ್ಟಿಯಾಗಿ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಪಾರ್ಕಿಂಗ್ ಜಾಗದಲ್ಲಿ ಸಾಲಾಗಿ ಪ್ಲಗ್ ಪಾಯಿಂಟ್ ಇರುತ್ತವೆ, ನಮ್ಮಲ್ಲಿ ದನ ಕಟ್ಟುವ ಗೂಟ ಇದ್ದ ಹಾಗೆ. ಎಂಜಿನ್ ಬೆಚ್ಚಗಿರುತ್ತದೆ. ಡಿಕ್ಕಿ ಬೆಚ್ಚಗಿರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಸ್ಟೇಷನ್ ಬಂತು. ಯೂನಿಯನ್ ಸ್ಟೇಷನ್, 1911ರದ್ದು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್‌ಗೆ ಕೆಲಸ ಮಾಡಿದ ವಾರೆನ್ ಮತ್ತು ವೆಟ್ಮೋರ್ ಅವರೇ ಇದಕ್ಕೂ ನಕ್ಷೆ ಹಾಕಿದವರು. ಗುಮ್ಮಟ ನೋಡಿ, ಎಷ್ಟು ಚೆನ್ನಾಗಿದೆ. ಈಗ ಕ್ಯಾಮೆರಾ ಕೆಳಗೆ ಇಳಿಸುತ್ತೇನೆ, ಜನ ಎಷ್ಟಿದ್ದಾರೆ ಎಣಿಸಿ. ನಾನು ಅರಸೀಕೆರೆ ಕಡೆಯವನು. ಅಲ್ಲಿ ರಾತ್ರಿ ಎರಡು ಗಂಟೆಗೆ ಕೂಡ ಪ್ಲಾಟ್‌ಫಾರ್ಮಿನಲ್ಲಿ ಇದರ ಹತ್ತರಷ್ಟು ಜನ ಮಲಗಿರುತ್ತಾರೆ. ಇಲ್ಲಿ ಪಶ್ಚಿಮಕ್ಕೆ ಹೋಗುವ ರೈಲು ವಾರಕ್ಕೆ ಎರಡೇ ಎರಡು. ಟೊರೊಂಟೊದಲ್ಲಿ ಹೊರಟು ವ್ಯಾಂಕೂವರ್ ಸೇರಲು 4,466 ಕಿಲೋಮೀಟರ್, ನಾಲ್ಕು ರಾತ್ರಿ. ನಾನು ಹೋಗುತ್ತಿರುವುದು ಅದರಲ್ಲಿ ಒಂದು ತುಂಡು, ಸಸ್ಕಟೂನ್ ತನಕ. ಚಿಕ್ಕಮ್ಮನ ಮಗಳ ಮನೆಯಲ್ಲಿ ಮಗುವಿನ ನಾಮಕರಣ.

ವಿಮಾನ ಇದೆ, ಕಾರಿನಲ್ಲಿ ಹೋದರೆ ಎಂಟು ಗಂಟೆ. ಹಿಮದಲ್ಲಿ ಎಂಟು ಗಂಟೆ ಒಬ್ಬನೇ ಓಡಿಸುವ ಧೈರ್ಯ ನನಗಿಲ್ಲ. ಬಸ್ಸು? ಸಸ್ಕಟೂನ್ ಇರುವುದು ಸಸ್ಕಾಚೆವಾನ್ ಪ್ರಾಂತ್ಯದಲ್ಲಿ, ಅಲ್ಲಿನ ಸರ್ಕಾರದ ಬಸ್ಸು 2017ರಲ್ಲಿ ನಿಂತಿತು, ಖಾಸಗಿ ದೊಡ್ಡ ಬಸ್ ಕಂಪನಿ 2018ರಲ್ಲಿ ಪಶ್ಚಿಮ ಕೆನಡಾದಿಂದ ಗಂಟು ಕಟ್ಟಿತು. ರೆಜೈನಾ ಕಥೆ ಇನ್ನೂ ಚೆನ್ನಾಗಿದೆ. ಅದು ಪ್ರಾಂತ್ಯದ ರಾಜಧಾನಿ. 1990ರಿಂದ ಅಲ್ಲಿಗೆ ಪ್ಯಾಸೆಂಜರ್ ರೈಲೇ ಇಲ್ಲ. ಸ್ಟೇಷನ್ ಕಟ್ಟಡ ಈಗ ಕ್ಯಾಸಿನೊ. ಟಿಕೆಟ್ ಕೌಂಟರ್ ಇದ್ದ ಊರಲ್ಲಿ ಜೂಜಿನ ಕೌಂಟರ್. ಹಾಗೆ ನೋಡಿದರೆ ಈ ರೈಲು ಸರಿಯಾದ ಟೈಮಿಗೆ ಬರುತ್ತದೆ ಅಂತ ನಂಬುವುದೂ ಜೂಜೇ.

ಅಂದ ಹಾಗೆ, ಕೆನಡಾದ ಈ ಬಯಲುಸೀಮೆಗೆ ಬಂದ ಮೊದಲ ರೈಲು ಎಂಜಿನ್ 1877ರಲ್ಲಿ ದೋಣಿಯ ಮೇಲೆ ಬಂತಂತೆ! ಹಳಿ ಇನ್ನೂ ಇಲ್ಲಿಗೆ ಮುಟ್ಟಿರಲಿಲ್ಲ, ಅದಕ್ಕೆ ರೆಡ್ ನದಿಯಲ್ಲಿ ಸಾಗಿಸಿದರು. ಕೌಂಟೆಸ್ ಆಫ್ ಡಫರಿನ್ ಅಂತ ಅದರ ಹೆಸರು. ಆ ಎಂಜಿನ್ನನ್ನು… ಅಯ್ಯೋ, ಶಾಟ್ ಮುಗಿಯಿತು. ಬನ್ನಿ, ಹತ್ತೋಣ.

ಬೋಗಿ ಹೇಗಿದೆ ನೋಡಿ, ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್. 1950ರ ದಶಕದ್ದು. ಒಳಗೆ ಸೀಟು, ಬಟ್ಟೆ ಬದಲಾಗಿವೆ, ಮೈ ಅದೇ. ನಮ್ಮನೆ ಅಟ್ಟದ ಪಾತ್ರೆಗಳ ಹಾಗೆ, ಹೊಳಪು ಹೋಗಿದೆ, ಗಟ್ಟಿ ಇದೆ. ನನ್ನದು ಬರೀ ಸೀಟು. ಬರ್ತ್ ಬೇಕೆಂದರೆ ದುಡ್ಡು ಎಷ್ಟೋ ಜಾಸ್ತಿ. ಸ್ಲೀಪರ್ ಕ್ಲಾಸ್‌ನಲ್ಲಿ ಕಾಲು ಚಾಚಿಕೊಂಡು ಬೆಳೆದವನು ನಾನು, ಕೂತೇ ರಾತ್ರಿ ಕಳೆಯುವುದು ಅಂದರೆ ಮನಸ್ಸಿಗೆ ಒಗ್ಗುವುದಿಲ್ಲ. ಇರಲಿ.

ಈಗ ಊಟದ ವಿಷಯ. ಈ ಸ್ಟೀಲ್ ಡಬ್ಬ ಅಮ್ಮನದು. ಮುಚ್ಚಳದ ಮೇಲೆ ಅವರ ಮದುವೆ ತಾರೀಖು ಕೊರೆಸಿದ್ದಾರೆ, 1991. ಒಳಗೆ ಮೊಸರನ್ನ. ಮಧ್ಯಾಹ್ನ ಮಾಡಿ, ಬ್ಯಾಗಿಗೆ ಹಾಕಿ, ಬ್ಯಾಗನ್ನು ಗೆಳೆಯನ ಕಾರಿನ ಡಿಕ್ಕಿಯಲ್ಲಿಟ್ಟೆ. ಅವನು ಆಫೀಸಿಗೆ ಹೋಗಿ, ಕಾರಿಗೆ ಪ್ಲಗ್ ಹಾಕಿ, ಸಂಜೆ ನನ್ನನ್ನು ಕರೆದುಕೊಂಡು ಬಂದ. ಮಧ್ಯೆ ಆರು ಗಂಟೆ. ಎಂಜಿನ್ ಬೆಚ್ಚಗಿತ್ತು. ಡಿಕ್ಕಿಯಲ್ಲಿದ್ದ ಮೊಸರನ್ನ ಕಲ್ಲಾಗಿತ್ತು.

ಕಲ್ಲು ಅಂದರೆ ಕಲ್ಲೇ. ಕೇಳಿ. ಟಕ್ ಟಕ್. ಇದು ಬೆರಳಿನಿಂದ ಬಡಿದ ಸದ್ದು. ಇಷ್ಟಾದರೂ ಒಳಗೇನಿದೆ ಅಂತ ನೋಡಲಾದರೂ ಆಗಬೇಕಲ್ಲ? ಮುಚ್ಚಳ ಬರುತ್ತಿಲ್ಲ. ಅಂಚಿನಲ್ಲಿದ್ದ ಮೊಸರು ಹೆಪ್ಪುಗಟ್ಟಿ ಮುಚ್ಚಳಕ್ಕೆ ಬೆಸುಗೆ ಹಾಕಿದ ಹಾಗೆ ಕೂತಿದೆ. ಸ್ಪೂನಿನಿಂದ ಮೀಟಿದೆ, ಸ್ಪೂನ್ ಬಗ್ಗಿತು. ಸ್ಕಾರ್ಫ್ ಸುತ್ತಿ ತಿರುಗಿಸಿದೆ. ಮೊಣಕಾಲುಗಳ ನಡುವೆ ಹಿಡಿದು ಎಳೆದೆ, ಪ್ಯಾಂಟ್ ಒದ್ದೆಯಾಯಿತು. ಅಟೆಂಡೆಂಟ್ ಹತ್ತಿರ ಮೈಕ್ರೋವೇವ್ ಕೇಳೋಣ ಅಂದರೆ, ಸ್ಟೀಲ್ ಡಬ್ಬ ಅದರಲ್ಲಿ ಇಡುವ ಹಾಗಿಲ್ಲ. ಬೇರೆ ಬಟ್ಟಲಿಗೆ ಹಾಕೋಣ ಅಂದರೆ ಮುಚ್ಚಳ ತೆಗೆಯಬೇಕು. ಮುಚ್ಚಳ ತೆಗೆಯಬೇಕು ಅಂದರೆ ಬಿಸಿ ಮಾಡಬೇಕು! ಪಕ್ಕದ ಸೀಟಿನ ಅಜ್ಜಿ ಕೈಯಲ್ಲಿ ಹೆಣಿಗೆ ಹಿಡಿದುಕೊಂಡು ಇದನ್ನೆಲ್ಲ ನೋಡುತ್ತಲೇ ಇದ್ದರು. ಕೊನೆಗೆ ಸೂಜಿಯಿಂದ ಕಿಟಕಿಯ ಕೆಳಗೆ ತೋರಿಸಿದರು. ಗೋಡೆಯುದ್ದಕ್ಕೂ ಹೀಟರ್. ಚಳಿನಾಡಿನ ಅಜ್ಜಿಗೆ ಗೊತ್ತಿರುವುದು ನನ್ನ ಡಿಗ್ರಿಗೆ ಗೊತ್ತಿಲ್ಲ. ಡಬ್ಬ ಅಲ್ಲಿಟ್ಟು ಮಲಗಿದೆ. ಅಂದರೆ ಕೂತೆ.

ಬೆಳಗಾಯಿತು. ಇಲ್ಲ, ಟಿವಿ ಕೆಟ್ಟಿಲ್ಲ, ಹೊರಗೆ ಇರುವುದೇ ಇಷ್ಟು. ಕೆಳಗೆ ಬಿಳಿ, ಮೇಲೆ ಬಿಳಿ, ನಡುವೆ ಒಂದು ಬೇಲಿ. ಹೋದ ವರ್ಷ ಈ ಬಯಲಿನಲ್ಲಿ ನೋಡಲು ಏನೂ ಇಲ್ಲ ಅಂತ ಒಂದು ವಿಡಿಯೋದಲ್ಲಿ ಹೇಳಿದ್ದೆ. ಈಗ ಬಿಸಿಲು ಬೀಳುತ್ತಿದೆ, ಹಿಮದ ಮೇಲೆ ಸಣ್ಣ ಗುಲಾಬಿ ಬಣ್ಣ ಹರಿದಾಡುತ್ತಿದೆ. ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹತ್ತು ನಿಮಿಷಕ್ಕೆ ಮಾತ್ರ. ಹತ್ತು ನಿಮಿಷ ಆದ ಮೇಲೆ ಮತ್ತೆ ಅದೇ ಬೇಲಿ.

ರೈಲು ನಿಂತಿದೆ. ಕ್ರಾಸಿಂಗ್. ನಮ್ಮೂರಲ್ಲಿ ಗೂಡ್ಸ್ ಗಾಡಿಯನ್ನು ಪಕ್ಕದ ಲೂಪ್ ಲೈನಿಗೆ ಹಾಕಿ ಎಕ್ಸ್‌ಪ್ರೆಸ್ ಬಿಡುತ್ತಾರೆ. ಇಲ್ಲಿ ಉಲ್ಟಾ. ಹಳಿ ಗೂಡ್ಸ್ ಕಂಪನಿಯದು, ನಾವು ಬಾಡಿಗೆಗೆ ಬಂದವರು. ಅದೂ ಅಲ್ಲದೆ ಇಲ್ಲಿನ ಗೂಡ್ಸ್ ಎಷ್ಟು ಉದ್ದ ಅಂದರೆ, ಎಷ್ಟೋ ಕಡೆ ಲೂಪ್ ಲೈನಿನಲ್ಲಿ ಹಿಡಿಯುವುದೇ ಇಲ್ಲ. ಗಿಡ್ಡ ಗಾಡಿ ನಮ್ಮದು, ಅದಕ್ಕೆ ನಾವೇ ಪಕ್ಕಕ್ಕೆ ಸರಿಯಬೇಕು. ವ್ಯಾಗನ್ 183ರ ತನಕ ಎಣಿಸಿದೆ, ಆಮೇಲೆ ತಪ್ಪಿತು. ಗೋಧಿ, ಎಣ್ಣೆ, ಪೊಟ್ಯಾಷ್. ಪೊಟ್ಯಾಷ್ ಅಂದರೆ ಅಪ್ಪ ತೆಂಗಿನ ಮರದ ಬುಡಕ್ಕೆ ಹಾಕುವ ಕೆಂಪು ಉಪ್ಪು. ಭಾರತ ಅದನ್ನು ಹೊರಗಿನಿಂದಲೇ ತರಿಸಬೇಕು, ಅದರಲ್ಲಿ ಒಂದು ಪಾಲು ಈ ಸಸ್ಕಾಚೆವಾನ್ ನೆಲದಡಿಯಿಂದ ಬರುತ್ತದೆ. ಮಸೂರ ಬೇಳೆಯೂ ಒಂದಷ್ಟು ಇಲ್ಲಿಂದಲೇ ಬರುತ್ತದೆ. ಅಪ್ಪನ ಗೊಬ್ಬರ ಮುಂದೆ ಹೋಗಲಿ, ಮಗ ಕಾಯಲಿ. ಸರಿ ಬಿಡಿ.

ಈ ಬೋರ್ಡುಗಳನ್ನು ಓದುತ್ತಾ ಬನ್ನಿ. ಫೆನ್‌ವುಡ್, ಗುಡೀವ್, ಹಬರ್ಡ್, ಇಟೂನ, ಜಾಸ್ಮಿನ್, ಕೆಲಿಹರ್. ಗೊತ್ತಾಯಿತಾ? ಎಫ್, ಜಿ, ಎಚ್, ಐ, ಜೆ, ಕೆ. ಹಳಿ ಹಾಕಿದ ಕಂಪನಿಯವರು ಇಂಗ್ಲಿಷ್ ಅಕ್ಷರಮಾಲೆ ಹಿಡಿದುಕೊಂಡು ಸ್ಟೇಷನ್ನುಗಳಿಗೆ ಹೆಸರಿಡುತ್ತಾ ಹೋಗಿದ್ದಾರೆ. ಊರು ಆಮೇಲೆ ಹುಟ್ಟಿತು, ಹೆಸರು ಮೊದಲು ಬಂತು. ನಮ್ಮಲ್ಲಿ ಹೀಗೆ ಮಾಡಿದ್ದರೆ ಅರಸೀಕೆರೆ ಆದ ಮೇಲೆ ಆಲೂರು, ಆಮೇಲೆ ಇಳಕಲ್ಲು, ಋ ಬಂದಾಗ ಗಾಡಿ ಅಲ್ಲೇ ನಿಲ್ಲುತ್ತಿತ್ತು. ಹೀಗೆ ಹೆಸರಿಟ್ಟಿದ್ದು ಸೋಮಾರಿತನ ಅಂತ ಮೊದಲು ಅನಿಸಿತು. ಆದರೆ ಕಿಟಕಿಯಲ್ಲಿ ಬರೀ ಬಿಳಿ ಕಾಣುವಾಗ ಎಲ್ಲಿದ್ದೇವೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎಲ್ ಬಂದಾಗ ಮುಚ್ಚಳ ಸ್ವಲ್ಪ ಅಲ್ಲಾಡಿತು. ವಾಟ್ರಸ್ ದಾಟುವಾಗ ಟಪ್ ಅಂತ ಬಂತು.

ಹತ್ತಿರದಿಂದ ತೋರಿಸುತ್ತೇನೆ. ಮೇಲೆ ನೀರು ಒಡೆದು ನಿಂತಿದೆ. ನಡುವೆ ಇನ್ನೂ ನಿಂಬೆಹಣ್ಣಿನ ಗಾತ್ರದ ಮಂಜಿನ ಗಡ್ಡೆ, ಅದರೊಳಗೆ ಒಂದು ಕರಿಬೇವಿನ ಎಲೆ ಸಿಕ್ಕಿಹಾಕಿಕೊಂಡಿದೆ. ದಾಳಿಂಬೆ ಕಾಳು ಹಲ್ಲಿಗೆ ಕಟ್ ಅನ್ನುತ್ತದೆ. ಸಾಸಿವೆ ಮಾತ್ರ ಹಾಗೇ ಇದೆ, ಏನೂ ಆಗದವರ ಹಾಗೆ. ಅಜ್ಜಿಗೆ ಒಂದು ಸ್ಪೂನ್ ಕೊಟ್ಟೆ. ಐಸ್‌ಕ್ರೀಮಾ ಅಂತ ಕೇಳಿದರು. ಹೌದು ಅಂದೆ. ವಿವರಿಸುವಷ್ಟು ಹಸಿವು ಬಿಟ್ಟಿರಲಿಲ್ಲ. ರುಚಿ? ಸುಳ್ಳು ಹೇಳುವುದಿಲ್ಲ, ಚೆನ್ನಾಗಿರಲಿಲ್ಲ. ಪೂರ್ತಿ ತಿಂದೆ.

ಝೀನಾ, ಯಂಗ್, ಝೆಲ್ಮಾ. ಝೀನಾ ಬರೆಯುವುದು ಎಕ್ಸ್‌ನಿಂದ, ಅಂದರೆ ಎಕ್ಸ್, ವೈ, ಝಡ್. ಅಕ್ಷರ ಮುಗಿದವು, ಊರು ಬಂತು ಅಂದುಕೊಂಡು ಜಾಕೆಟ್ ಹಾಕಿಕೊಂಡೆ. ಮುಂದಿನ ಬೋರ್ಡು ಆ್ಯಲನ್. ಮತ್ತೆ ಎ ಇಂದ ಶುರು! ಬ್ರ್ಯಾಡ್‌ವೆಲ್, ಕ್ಲೇವೆಟ್. ಜಾಕೆಟ್ಟಿನೊಳಗೆ ಬೆವರುತ್ತಾ ಕೂತೆ.

ಸಸ್ಕಟೂನ್. ಬೆಳಿಗ್ಗೆ ಬರಬೇಕಿದ್ದದ್ದು, ಈಗ ಮಧ್ಯಾಹ್ನ ಕಳೆದಿದೆ. ಸ್ಟೇಷನ್ ಊರಿನ ನಡುವೆ ಇಲ್ಲ, ದೂರ ಒಂದು ಅಂಚಿನಲ್ಲಿದೆ. ಸುತ್ತ ಹಳಿ, ಹಿಮ, ಟ್ಯಾಕ್ಸಿಗೆ ಕಾಯುವ ನಾವು ಆರು ಜನ. ಭಾವನಿಗೆ ಫೋನ್ ಮಾಡಿದೆ. ತೊಟ್ಟಿಲು ಶಾಸ್ತ್ರ ನಿಲ್ಲಿಸಿಟ್ಟಿದ್ದಾರಂತೆ, ಪುರೋಹಿತರು ಹೇಗೂ ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿ ಇದ್ದಾರೆ, ಅವರಿಗೆ ನಿದ್ದೆ ಬರುತ್ತಿದೆಯಂತೆ.

ಬ್ಯಾಗ್ ಇದೆ. ಟ್ರೈಪಾಡ್ ಇದೆ. ಡಬ್ಬ ಇದೆ.

ಮುಚ್ಚಳ ಎಲ್ಲಿ?

ಹೀಟರ್ ಮೇಲೆ. ಒರೆಸಿ ಒಣಗಲಿಕ್ಕೆ ಇಟ್ಟಿದ್ದೆ. ಅದೋ ನೋಡಿ, ಹೊರಟಿತು ರೈಲು, ಕೊನೆಯ ಬೋಗಿ ಕಾಣುತ್ತಿದೆ. 1991ರ ಮುಚ್ಚಳ ವ್ಯಾಂಕೂವರ್‌ಗೆ ಹೋಗುತ್ತಿದೆ, ಅದೂ ಟಿಕೆಟ್ ಇಲ್ಲದೆ. ಅಮ್ಮ, ನೀನು ಈ ವಿಡಿಯೋ ನೋಡುತ್ತೀ ಅಂತ ಗೊತ್ತು. ಇಲ್ಲಿಯ ತನಕ ನೋಡಿರುವುದಿಲ್ಲ, ನಡುವೆ ನಿದ್ದೆ ಮಾಡಿರುತ್ತೀ ಅನ್ನುವ ಧೈರ್ಯದ ಮೇಲೆ ಹೇಳುತ್ತಿದ್ದೇನೆ. ಟ್ಯಾಕ್ಸಿ ಬಂತು, ಬರ್ತೀನಿ.