ಆಟಗಾರರಿಗೆ ದಿನವೂ ಪರೀಕ್ಷೆ, ಸಹಪಾಠಿಗಳಿಗೆ ಕೋಣೆವಾಸ: 2020ರ ಅಮೆರಿಕದ ಕಾಲೇಜು ಫುಟ್‌ಬಾಲ್ ಋತು

[ದೃಶ್ಯ: ಮಿಷಿಗನ್ ಕ್ರೀಡಾಂಗಣದ ಖಾಲಿ ಆಸನಗಳು, ಮೇಲಿನಿಂದ]

ನಮಸ್ಕಾರ. 2020ರ ಅಕ್ಟೋಬರ್ 20ರ ಮಂಗಳವಾರ ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಪಟ್ಟಣದಲ್ಲಿ ಒಂದು ಆದೇಶ ಹೊರಬಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳೆಲ್ಲರೂ ಮುಂದಿನ ಎರಡು ವಾರ ತಾವಿರುವಲ್ಲಿಯೇ ಇರಬೇಕು, ಪಾಠ, ಊಟ, ಔಷಧಿಯಂಥ ಅಗತ್ಯಗಳಿಗಲ್ಲದೆ ಹೊರಗೆ ಕಾಲಿಡಬಾರದು ಎಂದು ವಾಷ್ಟೆನಾ ಕೌಂಟಿಯ ಆರೋಗ್ಯ ಇಲಾಖೆ ತಾಕೀತು ಮಾಡಿತು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಆ ಹೊತ್ತಿಗೆ ಅಲ್ಲಿನ ಕೋವಿಡ್ ಪ್ರಕರಣಗಳಲ್ಲಿ ಶೇಕಡ 60ಕ್ಕೂ ಹೆಚ್ಚು ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದವಾಗಿದ್ದವು. ಅದೇ ವಾರದ ಶನಿವಾರ, ಅದೇ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಮಿನೆಸೋಟಕ್ಕೆ ಹೋಗಿ ಅಲ್ಲಿನ ತಂಡವನ್ನು 49–24ರಿಂದ ಸೋಲಿಸಿ ಬಂತು. ಇದರಲ್ಲಿ ನಿಯಮದ ಉಲ್ಲಂಘನೆ ಏನೂ ಆಗಲಿಲ್ಲ, ಏಕೆಂದರೆ ವಿಶ್ವವಿದ್ಯಾಲಯದ ಕ್ರೀಡಾ ತಂಡಗಳಿಗೆ ಆ ಆದೇಶದಲ್ಲಿಯೇ ವಿನಾಯಿತಿ ಇತ್ತು. ಫುಟ್‌ಬಾಲ್ ಆಟಗಾರರಿಗೆ ದಿನವೂ ಕೋವಿಡ್ ಪರೀಕ್ಷೆ ನಡೆಯುತ್ತಿತ್ತು. ಅವರ ಸಹಪಾಠಿಗಳಿಗೆ ನಡೆಯುತ್ತಿರಲಿಲ್ಲ.

ಒಂದೇ ಕ್ಯಾಂಪಸ್ಸಿನಲ್ಲಿ ಓದುವ ಮಕ್ಕಳ ನಡುವೆ ಈ ಅಂತರ ಹೇಗೆ ಹುಟ್ಟಿತು ಎಂಬುದನ್ನು ಈ ವಿಡಿಯೋದಲ್ಲಿ ನೋಡೋಣ.

[ದೃಶ್ಯ: ತುಂಬಿದ ಕ್ರೀಡಾಂಗಣದ ಹಳೆಯ ಚಿತ್ರ]

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಆಡುವ ಆಟವಲ್ಲ. ಹೆಲ್ಮೆಟ್ ಧರಿಸಿ, ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಯನ್ನು ಮೈಯಿಂದ ತಡೆದು ಕೆಡವುವ ಅಮೆರಿಕನ್ ಫುಟ್‌ಬಾಲ್. ಮೈಗೆ ಮೈ, ಉಸಿರಿಗೆ ಉಸಿರು ತಾಗದೆ ಈ ಆಟ ನಡೆಯುವುದೇ ಇಲ್ಲ. ಅಲ್ಲಿ ಕಾಲೇಜು ತಂಡಗಳ ಪಂದ್ಯಕ್ಕೆ ಸೇರುವ ಜನಸಾಗರವನ್ನು ನಾವು ಊಹಿಸುವುದು ಕಷ್ಟ: ಮಿಷಿಗನ್ ಕ್ರೀಡಾಂಗಣ ಒಂದರಲ್ಲೇ 1,07,601 ಜನ ಕೂರಬಹುದು, ಅಂದರೆ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಎರಡೂವರೆ ಪಟ್ಟಿಗೂ ಹೆಚ್ಚು. ಟಿಕೆಟ್ಟಿನಿಂದಲೂ ಟಿವಿ ಹಕ್ಕುಗಳಿಂದಲೂ ಬರುವ ಹಣ ಫುಟ್‌ಬಾಲಿಗೆ ಮಾತ್ರವಲ್ಲ, ಈಜು, ಕುಸ್ತಿ, ಓಟದಂಥ ತಾವಾಗಿ ಗಳಿಸಲಾರದ ಕ್ರೀಡೆಗಳಿಗೂ ಆಧಾರ. ಹೀಗಿದ್ದೂ ಆಟಗಾರರಿಗೆ ಆಗ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ. ತಮ್ಮ ಹೆಸರನ್ನು ಜಾಹೀರಾತಿಗೆ ಬಳಸಿ ಸಂಪಾದಿಸುವ ಅವಕಾಶ ಅವರಿಗೆ ಬಂದದ್ದು 2021ರ ಜುಲೈನಲ್ಲಿ. ಅವರು ಉದ್ಯೋಗಿಗಳಲ್ಲ, ಎಲ್ಲರಂತೆ ವಿದ್ಯಾರ್ಥಿಗಳು ಎಂಬುದೇ ಇಡೀ ವ್ಯವಸ್ಥೆ ನಿಂತಿದ್ದ ತಳಹದಿ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದ ಮರುದಿನವೇ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ತನ್ನ ಪ್ರಖ್ಯಾತ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ರದ್ದುಪಡಿಸಿತು. ಫುಟ್‌ಬಾಲಿನ ಪ್ರಶ್ನೆ ಉದ್ಭವಿಸಿದ್ದು ಅನಂತರ. ಮೇ ತಿಂಗಳಿನಲ್ಲಿ ಆ ಸಂಸ್ಥೆಯ ಅಧ್ಯಕ್ಷ ಮಾರ್ಕ್ ಎಮರ್ಟ್, ವಿದ್ಯಾರ್ಥಿಗಳಿಗೆ ತೆರೆಯದ ಕ್ಯಾಂಪಸ್ಸಿನಲ್ಲಿ ಕ್ರೀಡೆಯೂ ಇರುವುದಿಲ್ಲ ಎಂಬ ಅರ್ಥದ ಮಾತನ್ನು ಬಹಿರಂಗವಾಗಿಯೇ ಹೇಳಿದರು. ಆಟಗಾರರೂ ವಿದ್ಯಾರ್ಥಿಗಳೇ ಆಗಿದ್ದಲ್ಲಿ ಇದಕ್ಕಿಂತ ನೇರವಾದ ತರ್ಕ ಬೇರೊಂದಿಲ್ಲ. ಆದರೆ ಮೂರೇ ತಿಂಗಳಲ್ಲಿ ಆ ತರ್ಕ ಮುರಿದುಬಿತ್ತು.

[ದೃಶ್ಯ: ಚಾಪೆಲ್ ಹಿಲ್ ಹಾಸ್ಟೆಲ್ ಮುಂದೆ ಸಾಮಾನು ಕಾರಿಗೆ ತುಂಬುತ್ತಿರುವ ಕುಟುಂಬಗಳು]

ಅದು ಮುರಿದ ಜಾಗ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಕ್ಯಾಂಪಸ್. ಅಲ್ಲಿ ಆಗಸ್ಟ್ 10ರಂದು ತರಗತಿಗಳು ಶುರುವಾದವು. ಹಾಸ್ಟೆಲಿಗೆ ಬರುವ ವಿದ್ಯಾರ್ಥಿಗಳೆಲ್ಲರನ್ನೂ ಪರೀಕ್ಷಿಸುವ ವ್ಯವಸ್ಥೆ ಇರಲಿಲ್ಲ. ಮೊದಲ ವಾರದಲ್ಲಿಯೇ 130 ವಿದ್ಯಾರ್ಥಿಗಳಿಗೆ ಸೋಂಕು ತಗುಲಿತು. ಪರೀಕ್ಷೆಗೆ ಬಂದವರಲ್ಲಿ ಪಾಸಿಟಿವ್ ಪ್ರಮಾಣ ಶೇಕಡ 2.8ರಿಂದ 13.6ಕ್ಕೆ ಜಿಗಿಯಿತು. ಆಗಸ್ಟ್ 17ರಂದು, ಅಂದರೆ ಬಾಗಿಲು ತೆರೆದ ಎಂಟನೆಯ ದಿನ, ಪದವಿ ತರಗತಿಗಳನ್ನು ಆನ್‌ಲೈನಿಗೆ ವರ್ಗಾಯಿಸುವ ನಿರ್ಧಾರ ಪ್ರಕಟವಾಯಿತು. ಹಾಸಿಗೆ, ಟೇಬಲ್ ಫ್ಯಾನು, ಪುಸ್ತಕಗಳನ್ನು ವಾರದ ಹಿಂದಷ್ಟೇ ಮಹಡಿ ಹತ್ತಿಸಿದ ತಂದೆತಾಯಿಗಳು ಮತ್ತೆ ಬಂದು ಅವೇ ಸಾಮಾನುಗಳನ್ನು ಕೆಳಗಿಳಿಸಿ ಮಕ್ಕಳನ್ನು ಊರಿಗೆ ಕರೆದೊಯ್ದರು. ಫುಟ್‌ಬಾಲ್ ತಂಡ ಮಾತ್ರ ಅಲ್ಲಿಯೇ ಉಳಿಯಿತು. ಸೆಪ್ಟೆಂಬರ್ 12ರಂದು, ಬಹುತೇಕ ಖಾಲಿಯಾಗಿದ್ದ ಅದೇ ಕ್ಯಾಂಪಸ್ಸಿನ ಮೈದಾನದಲ್ಲಿ, ಪ್ರೇಕ್ಷಕರೇ ಇಲ್ಲದೆ, ಸಿರಾಕ್ಯೂಸ್ ತಂಡದ ವಿರುದ್ಧ ಆಡಿ 31–6ರಿಂದ ಗೆದ್ದಿತು.

ಮೇ ತಿಂಗಳಿನ ಮಾತು ಅಲ್ಲಿಗೆ ಮುಗಿಯಿತು. ಇನ್ನು ಮೇಲೆ ಕ್ಯಾಂಪಸ್ ತೆರೆದಿರುವುದಕ್ಕೂ ಪಂದ್ಯ ನಡೆಯುವುದಕ್ಕೂ ಸಂಬಂಧ ಕಡಿದುಹೋಯಿತು. ನೋಟ್ರ ಡೇಮ್ ವಿಶ್ವವಿದ್ಯಾಲಯ ತರಗತಿಗಳನ್ನು ಎರಡು ವಾರ ಆನ್‌ಲೈನಿಗೆ ಒಯ್ದು ಮತ್ತೆ ಮರಳಿ ತಂದಿತು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ತರಗತಿ ಆರಂಭವಾದ ವಾರದಲ್ಲಿಯೇ 500ಕ್ಕೂ ಹೆಚ್ಚು ಪ್ರಕರಣಗಳು ಕಂಡುಬಂದು, ಟಸ್ಕಲೂಸಾ ನಗರದ ಮೇಯರ್ ಬಾರ್‌ಗಳನ್ನು ಮುಚ್ಚಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೆಪ್ಟೆಂಬರಿನಲ್ಲಿ ಎರಡು ದೊಡ್ಡ ಹಾಸ್ಟೆಲುಗಳನ್ನು, ನಮ್ಮಲ್ಲಿ ಅಂದು ಬಳಕೆಯಲ್ಲಿದ್ದ ಮಾತಿನಲ್ಲಿ ಹೇಳುವುದಾದರೆ, ಸೀಲ್‌ಡೌನ್ ಮಾಡಿತು.

[ಪರದೆಯ ಮೇಲೆ: ಆಗಸ್ಟ್ 11 – ಮುಂದೂಡಿಕೆ. ಸೆಪ್ಟೆಂಬರ್ 16 – ಮರಳಿ ಆಟಕ್ಕೆ.]

ಈಗ ಆಟದ ಕಡೆಗೆ ಬರೋಣ. ಅಮೆರಿಕದ ಕಾಲೇಜು ಫುಟ್‌ಬಾಲಿಗೆ ನಮ್ಮ ಕ್ರಿಕೆಟ್ ಮಂಡಳಿಯಂಥ ಒಂದೇ ಯಜಮಾನಿಕೆ ಇಲ್ಲ. ವಿಶ್ವವಿದ್ಯಾಲಯಗಳು ಕಾನ್ಫರೆನ್ಸ್ ಎಂಬ ಒಕ್ಕೂಟಗಳಾಗಿ ಹಂಚಿಕೊಂಡಿವೆ, ನಿರ್ಧಾರ ಆಯಾ ಒಕ್ಕೂಟದ್ದು. ಹಾರ್ವರ್ಡ್, ಯೇಲ್ ಮೊದಲಾದವುಗಳ ಐವಿ ಲೀಗ್ ಜುಲೈ 8ರಂದೇ ಶರತ್ಕಾಲದ ಕ್ರೀಡೆಗಳನ್ನು ಕೈಬಿಟ್ಟಿತು. ಮುಖ್ಯವಾಗಿ ಮಧ್ಯಪಶ್ಚಿಮದ, ಆಗ 14 ವಿಶ್ವವಿದ್ಯಾಲಯಗಳಿದ್ದ ಬಿಗ್ ಟೆನ್ ಮತ್ತು ಪಶ್ಚಿಮ ಕರಾವಳಿಯ ಪ್ಯಾಕ್-12 ಒಕ್ಕೂಟಗಳು ಆಗಸ್ಟ್ 11ರಂದು ಋತುವನ್ನು ಮುಂದೂಡಿದವು. ಆದರೆ ದಕ್ಷಿಣದ ಎಸ್‌ಇಸಿ ಒಕ್ಕೂಟ ತನ್ನೊಳಗಿನ ಹತ್ತು ಪಂದ್ಯಗಳಿಗೆ ಸೀಮಿತವಾಗಿ ಸೆಪ್ಟೆಂಬರ್ 26ರಿಂದ ಆಡುವುದೆಂದು ನಿಶ್ಚಯಿಸಿತ್ತು. ಒಂದೇ ದೇಶ, ಒಂದೇ ವೈರಾಣು, ಆದರೆ ಮೂರು ಬಗೆಯ ತೀರ್ಮಾನ.

ಆಟಗಾರರ ದನಿಯೂ ಕೇಳಿಬಂತು. ಆಗಸ್ಟ್ ಮೊದಲ ವಾರ ಪ್ಯಾಕ್-12ರ ಆಟಗಾರರು ಸುರಕ್ಷತೆಯ ಖಾತರಿ ಇಲ್ಲದೆ ಆಡುವುದಿಲ್ಲ ಎಂದರು. ಮರುವಾರ ಕ್ಲೆಮ್ಸನ್ನಿನ ಟ್ರೆವರ್ ಲಾರೆನ್ಸ್, ಒಹಾಯೊ ಸ್ಟೇಟಿನ ಜಸ್ಟಿನ್ ಫೀಲ್ಡ್ಸ್ ಮೊದಲಾದವರು ತಮಗೆ ಆಡಬೇಕಿದೆ ಎಂದರು. ಸುದ್ದಿವಾಹಿನಿಗಳು ಇವನ್ನು ಎದುರುಬದುರಾಗಿ ನಿಲ್ಲಿಸಿದರೂ ಎರಡೂ ಗುಂಪುಗಳ ಬೇಡಿಕೆಯ ತಿರುಳು ಒಂದೇ ಆಗಿತ್ತು: ಎಲ್ಲೆಡೆ ಏಕರೂಪದ ಸುರಕ್ಷತಾ ನಿಯಮ ಇರಲಿ, ಆಡುವವರ ಮಾತಿಗೂ ಬೆಲೆ ಇರಲಿ. ನನ್ನ ದೃಷ್ಟಿಯಲ್ಲಿ ಆ ಬೇಸಿಗೆಯಲ್ಲಿ ಅತ್ಯಂತ ಪ್ರಬುದ್ಧವಾಗಿ ಮಾತನಾಡಿದವರು ಈ ಇಪ್ಪತ್ತರ ಆಸುಪಾಸಿನ ಹುಡುಗರೇ.

ಬಿಗ್ ಟೆನ್ ಹಿಂಜರಿಯಲು ಹೃದಯದ ಚಿಂತೆಯೂ ಒಂದು ಕಾರಣ. ಸೋಂಕಿನ ನಂತರ ಹೃದಯದ ಸ್ನಾಯುವಿಗೆ ಉರಿಯೂತ ಬಂದಿದ್ದು, ಅದು ಗೊತ್ತಾಗದೆ ಆಟಗಾರ ಜೋರಾಗಿ ಓಡಿದರೆ ಹೃದಯದ ಬಡಿತ ತಪ್ಪಿ ಪ್ರಾಣಕ್ಕೇ ಸಂಚಕಾರ ಬರಬಹುದು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯರು ಸೋಂಕಿನಿಂದ ಚೇತರಿಸಿಕೊಂಡ 26 ಕ್ರೀಡಾಪಟುಗಳ ಹೃದಯವನ್ನು ಎಂಆರ್‌ಐ ಮಾಡಿದಾಗ ನಾಲ್ವರಲ್ಲಿ ಅಂಥ ಉರಿಯೂತದ ಲಕ್ಷಣಗಳು ಕಂಡವು. ಸಣ್ಣ ಅಧ್ಯಯನವೇ ಸರಿ, ಆದರೆ ತಾಯಿತಂದೆಯರ ನಿದ್ದೆ ಕೆಡಿಸಲು ಅಷ್ಟು ಸಾಕು.

ಹಾಗಾದರೆ ಐದೇ ವಾರಗಳಲ್ಲಿ ಬಿಗ್ ಟೆನ್ ಮನಸ್ಸು ಬದಲಿಸಿದ್ದು ಹೇಗೆ? ಒತ್ತಡ ಎಲ್ಲ ಕಡೆಯಿಂದಲೂ ಇತ್ತು. ಮುಂದೂಡಿಕೆಗೆ 11–3ರ ಮತವಿತ್ತು; ವಿರೋಧಿಸಿದವು ಒಹಾಯೊ ಸ್ಟೇಟ್, ನೆಬ್ರಾಸ್ಕಾ ಮತ್ತು ಅಯೊವಾ. ನೆಬ್ರಾಸ್ಕಾದ ಎಂಟು ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿದರು. ಸೆಪ್ಟೆಂಬರ್ 1ರಂದು ಅಧ್ಯಕ್ಷ ಟ್ರಂಪ್ ಅವರೇ ಒಕ್ಕೂಟದ ಆಯುಕ್ತ ಕೆವಿನ್ ವಾರನ್ ಅವರೊಂದಿಗೆ ದೂರವಾಣಿಯಲ್ಲಿ ಮಾತನಾಡಿದರು. ಆದರೆ ದಾರಿ ತೆರೆದದ್ದು ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುವ ಆ್ಯಂಟಿಜೆನ್ ಪರೀಕ್ಷೆ. ಸೆಪ್ಟೆಂಬರ್ 16ರಂದು ಪ್ರಕಟವಾದ ನಿಯಮಗಳ ಪ್ರಕಾರ ಪ್ರತಿಯೊಬ್ಬ ಆಟಗಾರನಿಗೂ ದಿನವೂ ಪರೀಕ್ಷೆ. ಪಾಸಿಟಿವ್ ಬಂದರೆ ಪಿಸಿಆರ್ ಮೂಲಕ ಖಚಿತಪಡಿಸಿಕೊಳ್ಳಬೇಕು. ಸೋಂಕು ಖಚಿತವಾದವನಿಗೆ ರಕ್ತಪರೀಕ್ಷೆ, ಇಸಿಜಿ, ಎಕೊ, ಹೃದಯದ ಎಂಆರ್‌ಐ, ಮತ್ತು ಕನಿಷ್ಠ 21 ದಿನ ಪಂದ್ಯದಿಂದ ದೂರ. ತಂಡದಲ್ಲಿ ಪಾಸಿಟಿವ್ ಪ್ರಮಾಣ ಶೇಕಡ 5 ದಾಟಿದರೆ ಅಭ್ಯಾಸ, ಪಂದ್ಯ ಎರಡೂ ನಿಲ್ಲಬಹುದು.

ಆ ಪರೀಕ್ಷೆಗಳು ಇದ್ದೂ ಋತು ಕುಂಟುತ್ತಲೇ ಸಾಗಿತು. ಇದಕ್ಕೆ ಕಾರಣ ತಿಳಿಯಬೇಕಾದರೆ ಮೈದಾನಕ್ಕಿಂತ ಹೆಚ್ಚಾಗಿ ತಂಡದ ಕೋಣೆಗಳನ್ನು ನೋಡಬೇಕು. ಒಂದು ತಂಡದಲ್ಲಿ ನೂರಕ್ಕೂ ಹೆಚ್ಚು ಜನರಿದ್ದರೂ ಪ್ರತಿ ಸ್ಥಾನಕ್ಕೆ ತರಬೇತಾದವರು ಕೆಲವರೇ, ಮತ್ತು ಒಂದು ಸ್ಥಾನದವರು ಒಂದೇ ಕೋಣೆಯಲ್ಲಿ ಕುಳಿತು ಗಂಟೆಗಟ್ಟಲೆ ಎದುರಾಳಿಯ ವಿಡಿಯೋ ನೋಡುತ್ತಾರೆ, ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಅವರಲ್ಲಿ ಒಬ್ಬನಿಗೆ ಸೋಂಕು ಬಂದರೆ ಉಳಿದವರು ಪ್ರಾಥಮಿಕ ಸಂಪರ್ಕಿತರಾಗಿ 14 ದಿನ ಕ್ವಾರಂಟೈನಿಗೆ ಹೋಗಬೇಕು. ಆಟಗಾರರಲ್ಲಿ ಒಬ್ಬನ ಬದಲು ಇನ್ನೊಬ್ಬನನ್ನು ನಿಲ್ಲಿಸುವುದೂ ಅಪಾಯವೇ: ಎದುರಿನ ನೂರೈವತ್ತು ಕಿಲೋ ತೂಕದ ಆಳನ್ನು ತಡೆಯಲು ಅಭ್ಯಾಸವಿಲ್ಲದ ಹುಡುಗನನ್ನು ಇಳಿಸಿದರೆ ಮೂಳೆ ಮುರಿಯುತ್ತದೆ. ಆದ್ದರಿಂದಲೇ ಎಸ್‌ಇಸಿ ಒಕ್ಕೂಟ, ವಿದ್ಯಾರ್ಥಿವೇತನದ ಆಟಗಾರರು ಕನಿಷ್ಠ 53, ಚೆಂಡು ತಮ್ಮ ಕೈಯಲ್ಲಿದ್ದಾಗ ಎದುರಾಳಿಯನ್ನು ತಡೆಯುವ ಆಕ್ರಮಣ ಸಾಲಿನವರು ಕನಿಷ್ಠ ಏಳು ಮಂದಿ ಇಲ್ಲದ ತಂಡ ಪಂದ್ಯ ಮುಂದೂಡಲು ಕೋರಬಹುದು ಎಂಬ ನಿಯಮ ಮಾಡಿತು. ಒಟ್ಟು ನೂರಕ್ಕೂ ಹೆಚ್ಚು ಪಂದ್ಯಗಳು ಮುಂದೂಡಲ್ಪಟ್ಟವು ಅಥವಾ ರದ್ದಾದವು. ಹ್ಯೂಸ್ಟನ್ ತಂಡದ ಮೊದಲ ಪಂದ್ಯಗಳು ಒಂದರ ಮೇಲೊಂದು ಕೈತಪ್ಪಿ, ಅದು ಮೈದಾನಕ್ಕಿಳಿಯುವಾಗ ಅಕ್ಟೋಬರ್ 8 ಆಗಿತ್ತು. ಲಾರೆನ್ಸ್‌ಗೇ ಸೋಂಕು ತಗುಲಿ ಎರಡು ಪಂದ್ಯ ತಪ್ಪಿದವು.

[ದೃಶ್ಯ: ನೋಟ್ರ ಡೇಮ್ ಮೈದಾನಕ್ಕೆ ನುಗ್ಗುತ್ತಿರುವ ವಿದ್ಯಾರ್ಥಿಗಳು]

ಆ ಎರಡರಲ್ಲಿ ಒಂದು ನವೆಂಬರ್ 7ರ ಪಂದ್ಯ. ನೋಟ್ರ ಡೇಮ್ ಎರಡು ಹೆಚ್ಚುವರಿ ಅವಧಿಗಳ ಬಳಿಕ ಕ್ಲೆಮ್ಸನ್ನನ್ನು 47–40ರಿಂದ ಮಣಿಸಿದಾಗ, ಅಂತರ ಕಾಯ್ದು ಕುಳಿತಿದ್ದ ಸಾವಿರಾರು ವಿದ್ಯಾರ್ಥಿಗಳು ಗೋಡೆ ಹಾರಿ ಮೈದಾನ ತುಂಬಿದರು. ತಿಂಗಳುಗಟ್ಟಲೆ ಕೋಣೆಯಲ್ಲಿದ್ದ ಮಕ್ಕಳು ಅವರು. ಆ ದೃಶ್ಯ ನೋಡಿ ಅವರನ್ನು ಬೈದವರು ಬಹಳ ಮಂದಿ. ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಪಂದ್ಯ ಏರ್ಪಡಿಸಿ, ಬಾಗಿಲು ತೆರೆದು, ಒಳಗೆ ಕೂರಿಸಿದ್ದು ದೊಡ್ಡವರು.

ಇಡೀ ಕ್ಯಾಂಪಸ್ಸಿಗೇ ಪರೀಕ್ಷೆ ಮಾಡುವುದು ಆಗದ ಮಾತು ಎಂಬ ಸಮಜಾಯಿಷಿಯನ್ನೂ ಒಪ್ಪಲಾಗದು, ಏಕೆಂದರೆ ಬಿಗ್ ಟೆನ್ ಒಕ್ಕೂಟದ್ದೇ ಸದಸ್ಯ ಇಲಿನಾಯ್ ವಿಶ್ವವಿದ್ಯಾಲಯ ಅದನ್ನು ಮಾಡಿ ತೋರಿಸಿತು. ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನ ವಿಜ್ಞಾನಿಗಳು ಎಂಜಲಿನಿಂದಲೇ ಸೋಂಕು ಪತ್ತೆ ಮಾಡುವ ವಿಧಾನವನ್ನು ರೂಪಿಸಿದರು. ವಿದ್ಯಾರ್ಥಿ ಸಣ್ಣ ಕೊಳವೆಯೊಳಗೆ ಉಗುಳನ್ನು ಹನಿಸಿ ಕೊಟ್ಟರಾಯಿತು. ಆ ಕೊಳವೆಯನ್ನು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿದರೆ ವೈರಾಣು ನಿಷ್ಕ್ರಿಯವಾಗುತ್ತದೆ, ಮತ್ತು ಆರ್‌ಎನ್‌ಎಯನ್ನು ಬೇರ್ಪಡಿಸುವ ದುಬಾರಿ ಹಂತವಿಲ್ಲದೆ ನೇರವಾಗಿ ಪಿಸಿಆರ್ ಮಾಡಬಹುದು. ಪ್ರತಿ ವಿದ್ಯಾರ್ಥಿಗೂ ವಾರಕ್ಕೆ ಎರಡು ಬಾರಿ ಪರೀಕ್ಷೆ, ಮೊಬೈಲಿನಲ್ಲಿ ಫಲಿತಾಂಶ, ಅದನ್ನು ತೋರಿಸಿದರೆ ಮಾತ್ರ ಕಟ್ಟಡದೊಳಗೆ ಪ್ರವೇಶ. ಇಲ್ಲಿಯೂ ಎಡವಿದ್ದುಂಟು. ಪಾಸಿಟಿವ್ ಬಂದವರೂ ಪಾರ್ಟಿಗೆ ಹೋಗುತ್ತಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ; ಸೆಪ್ಟೆಂಬರ್ ಆರಂಭದಲ್ಲಿ ಪ್ರಕರಣಗಳು ಏರಿ ಎರಡು ವಾರ ನಿರ್ಬಂಧ ಹೇರಬೇಕಾಯಿತು. ಆದರೂ ಪದೇ ಪದೇ ಪರೀಕ್ಷೆ ನಡೆಯುತ್ತಿದ್ದ ಕಾರಣ ಸೋಂಕು ಎಲ್ಲಿದೆ ಎಂದು ಕಾಣುತ್ತಿತ್ತು, ಏರಿಕೆ ಇಳಿಯಿತು, ಕ್ಯಾಂಪಸ್ ತೆರೆದೇ ಉಳಿಯಿತು. ಕರ್ನಾಟಕದಲ್ಲಿ 2020ರ ನವೆಂಬರ್ 17ರಂದು ಪದವಿ ಕಾಲೇಜುಗಳು ತೆರೆದಾಗ ನೆಗೆಟಿವ್ ವರದಿ ತರಬೇಕೆಂದು ಹೇಳಿದ್ದು ನಿಮಗೆ ನೆನಪಿರಬಹುದು. ಒಮ್ಮೆ ಮಾಡಿಸಿದ ಪರೀಕ್ಷೆ ಆ ಒಂದು ದಿನದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಮರುವಾರದ್ದನ್ನಲ್ಲ.

ಈ ಎಲ್ಲದರ ನಡುವೆ ನಮ್ಮ ಮಕ್ಕಳೂ ಸಿಲುಕಿದ್ದರು. 2019–20ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 1.93 ಲಕ್ಷ, ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಅದೆಷ್ಟೋ ಮನೆಗಳ ಮಕ್ಕಳು ಅವರಲ್ಲಿದ್ದರು. ಪಾಠಗಳೆಲ್ಲ ಆನ್‌ಲೈನ್ ಆದ ಕಡೆಯ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕು ಎಂದು ಜುಲೈ 6ರಂದು ವಲಸೆ ಇಲಾಖೆ ಪ್ರಕಟಿಸಿದಾಗ ಆ ಮನೆಗಳಿಗೆ ದಿಕ್ಕು ತೋಚದಂತಾಯಿತು. ಹಾರ್ವರ್ಡ್ ಮತ್ತು ಎಂಐಟಿ ನ್ಯಾಯಾಲಯಕ್ಕೆ ಹೋದ ಮೇಲೆ ಜುಲೈ 14ರಂದು ಆ ನಿಯಮವನ್ನು ಹಿಂಪಡೆಯಲಾಯಿತು. ಊರಿಗೆ ಹೋಗಲು ಕಾರು ಸಾಕಾಗುವ ಸಹಪಾಠಿಗೂ, ವಿಮಾನಗಳೇ ಹಾರದಿದ್ದಾಗ ಸಮುದ್ರದಾಚೆ ಮನೆಯಿದ್ದವರಿಗೂ ಹಾಸ್ಟೆಲ್ ಖಾಲಿ ಮಾಡಿ ಎಂಬ ಮಾತು ಒಂದೇ ರೀತಿ ಕೇಳಿಸುವುದಿಲ್ಲ.

[ದೃಶ್ಯ: 1918ರ ಛಾಯಾಚಿತ್ರ, ಜಾರ್ಜಿಯಾ ಟೆಕ್ ಮೈದಾನದಲ್ಲಿ ಮಾಸ್ಕ್ ಧರಿಸಿದ ಪ್ರೇಕ್ಷಕರು]

ಮಿಷಿಗನ್ ಮತ್ತು ಒಹಾಯೊ ಸ್ಟೇಟ್ ತಂಡಗಳು, ಇನ್‌ಫ್ಲುಯೆಂಜಾ ಮಹಾಮಾರಿಯ ವರ್ಷವಾದ 1918ರಿಂದ ಒಂದು ವರ್ಷವೂ ತಪ್ಪದೆ ಪರಸ್ಪರ ಆಡುತ್ತ ಬಂದಿದ್ದವು. 2020ರ ಡಿಸೆಂಬರ್ 12ಕ್ಕೆ ನಿಗದಿಯಾಗಿದ್ದ ಪಂದ್ಯ ಮಿಷಿಗನ್ ತಂಡದಲ್ಲಿನ ಸೋಂಕಿನಿಂದ ರದ್ದಾಯಿತು. ಒಹಾಯೊ ಸ್ಟೇಟ್ ಆಗ ಆಡಿದ್ದು ಐದೇ ಪಂದ್ಯ. ಒಕ್ಕೂಟದ ಅಂತಿಮ ಪಂದ್ಯಕ್ಕೆ ಆರು ಪಂದ್ಯ ಆಡಿರಬೇಕೆಂಬ ನಿಯಮವನ್ನೇ ಸಡಿಲಿಸಿ ಅದನ್ನು ಮುಂದೆ ಕಳುಹಿಸಲಾಯಿತು. 2021ರ ಜನವರಿ 11ರಂದು ಮಯಾಮಿ ಬಳಿ ನಡೆದ ರಾಷ್ಟ್ರೀಯ ಫೈನಲಿನಲ್ಲಿ ಅಲಬಾಮಾ ಅದನ್ನು 52–24ರಿಂದ ಸೋಲಿಸಿತು; ನೋಡಲು ಬಿಟ್ಟದ್ದು ಹದಿನೈದು ಸಾವಿರದಷ್ಟು ಜನರನ್ನು.

ಅದೇ ಜನವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಒಂದು ವಿಶ್ಲೇಷಣೆ ಪ್ರಕಟಿಸಿತು. ದೊಡ್ಡ ವಿಶ್ವವಿದ್ಯಾಲಯಗಳಿರುವ ಕೌಂಟಿಗಳ ಪೈಕಿ, ತರಗತಿ ಆರಂಭದ ಹಿಂದುಮುಂದಿನ ಮೂರು ಮೂರು ವಾರಗಳನ್ನು ಹೋಲಿಸಿದಾಗ, ನೇರ ಪಾಠ ನಡೆದ ಕಡೆ ಸೋಂಕಿನ ಪ್ರಮಾಣ ಶೇಕಡ 56ರಷ್ಟು ಏರಿತ್ತು, ಆನ್‌ಲೈನ್ ಪಾಠವಿದ್ದ ಕಡೆ ಸುಮಾರು ಶೇಕಡ 18ರಷ್ಟು ಇಳಿದಿತ್ತು. ಚಾಪೆಲ್ ಹಿಲ್ ತನ್ನ ಹಾಸ್ಟೆಲಿನ ವಿದ್ಯಾರ್ಥಿಗಳಿಗೆ ವಾರಕ್ಕೆ ಎರಡು ಪರೀಕ್ಷೆಯನ್ನು ಕಡ್ಡಾಯ ಮಾಡಿದ್ದು ಆ ಹೊಸ ಸೆಮಿಸ್ಟರಿನಿಂದ. ಆ್ಯನ್ ಆರ್ಬರಿನಲ್ಲಿಯೂ ಕ್ಯಾಂಪಸ್ಸಿಗೆ ಬರುವ ವಿದ್ಯಾರ್ಥಿಗಳಿಗೆ ವಾರಕ್ಕೊಂದು ಪರೀಕ್ಷೆ ಕಡ್ಡಾಯವಾದದ್ದು ಆಗಲೇ, ಫುಟ್‌ಬಾಲ್ ತಂಡ ತನ್ನ ಕೊನೆಯ ಪಂದ್ಯವನ್ನು ಆಡಿ ಮುಗಿಸಿದ ಮೇಲೆ.